ಮೆಕ್ಕೆಜೋಳದೊಳಗೆ ದೊಡ್ಡಪ್ಪ, ಮೇಲೆ ಪೊಲೀಸ್ ಡ್ರೋನ್

ಗೆಳೆಯರೇ, ನಮ್ಮ ದೊಡ್ಡಪ್ಪ ಸಿಕ್ಕಿದರು. ಮಧ್ಯಾಹ್ನದಿಂದ ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಇದೇ ಉತ್ತರ.

ಸಕ್ಕರೆ ಕಾಯಿಲೆಯ ಮನುಷ್ಯ. ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿ ತಿನ್ನದೆ ಈಸೂರಿನ ಹೊಲ ನೋಡಲು ಹೋದವರು ಊಟದ ಹೊತ್ತಾದರೂ ಬರಲಿಲ್ಲ. ಸುತ್ತಲೂ ಆಳೆತ್ತರದ ಮೆಕ್ಕೆಜೋಳ. ಕೂಗಿ ಕೂಗಿ ನಮ್ಮ ಗಂಟಲು ಕಟ್ಟಿತು.

ಕೊನೆಗೆ ಶಿಕಾರಿಪುರದಿಂದ ಪೊಲೀಸರು ಡ್ರೋನ್ ತಂದರು. ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಬದುವಿನ ಮೇಲೆ ನಿಂತು ಅದನ್ನು ಹಾರಿಸಿದರು. ಪಕ್ಕದ ಹೊಲದ ಯಜಮಾನರು ಓಡಿಬಂದು ತಕರಾರು ತೆಗೆದರು: "ಅದರ ಗಾಳಿಗೆ ನನ್ನ ಪೀಕು ಮಲಗಿದ್ರೆ ಯಾರ್ರೀ ಹೊಣೆ?"

ಆಕೆ ಪರದೆಯಿಂದ ಕಣ್ಣು ತೆಗೆಯದೆ, "ಅದು ಎತ್ತರದಾಗೆ ಹಾರ್ತದೆ ರೀ. ನಾವೆಲ್ಲ ಒಳಗೆ ನುಗ್ಗಿ ಹುಡುಕಿದ್ರೆ ಮಲಗ್ತದೆ ನೋಡ್ರಿ," ಎಂದರು. ಯಜಮಾನರು ತಾವೂ ಪರದೆಯತ್ತ ಬಗ್ಗಿ ಹುಡುಕತೊಡಗಿದರು.

ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ದೊಡ್ಡಪ್ಪನ ಬಿಳಿ ರುಮಾಲು ಕಂಡಿತು. ತಲೆಸುತ್ತು ಬಂದು ಹೊಲದ ನಡುವೆ ಕುಳಿತುಬಿಟ್ಟಿದ್ದರು. ಕಾನ್‌ಸ್ಟೇಬಲ್ ಡ್ರೋನಿನ ಮೈಕಿನಲ್ಲಿ, "ಅಜ್ಜಾ, ಏಳಬ್ಯಾಡ್ರಿ, ನಿಮ್ಮ ಮನೆಯವರು ಬರ್ತಿದಾರೆ," ಎಂದರು. ಎಷ್ಟು ಅಕ್ಕರೆಯ ದನಿ ಅದು!

ಡ್ರೋನ್ ನಿಂತಿದ್ದ ಕಡೆಗೆ ನಾವು ಓಡಿದೆವು. ಬೆಲ್ಲದ ನೀರು ಕುಡಿಸಿದ ಮೇಲೆ ಅವರ ಮುಖಕ್ಕೆ ಕಳೆ ಬಂತು. ನನಗೆ ಅಳು ಬಂತು.

ದೊಡ್ಡಪ್ಪ ಮಾತ್ರ ಆಕಾಶ ನೋಡುತ್ತಾ ಹೇಳಿದರು: "ಪಾಪ, ಆ ಹೆಣ್ಣುಮಗಳು ಇಷ್ಟೊತ್ತು ಮ್ಯಾಲೇ ಅದಾಳೆ. ಇಳಿಯಾಕೆ ಹೇಳೋ, ಊಟ ಮಾಡ್ಕೊಂಡು ಹೋಗ್ಲಿ."