ಪರಿಶೀಲನೆಯಲ್ಲಿದ್ದ ಪುಸ್ತಕ

ನಮ್ಮ ಹಾಸನದ ಕಡೆ ಆಗಿನ್ನೂ ಪಾನನಿರೋಧವಿತ್ತು. ವಾಚನಾಲಯಗಳ ತಪಾಸಣೆಗೆ ಹೊಳೆನರಸೀಪುರದ ಹತ್ತಿರದ ಒಂದೂರಿಗೆ ಹೋಗಿದ್ದೆ. ಅಲ್ಲಿ ಒಂದಿಡೀ ಬೀರುವಿನಲ್ಲಿ ಇದ್ದದ್ದು ಒಂದೇ ಪುಸ್ತಕ, ಅದಕ್ಕೂ ಬೀಗ! ಮನುಷ್ಯರ ದುಶ್ಚಟಗಳನ್ನೂ ಈ ಕಾಲದ ನೀತಿವಂತರನ್ನೂ ಒಟ್ಟಿಗೇ ಗೇಲಿ ಮಾಡುವ ಪುಸ್ತಕವಂತೆ.

"ಒಳ್ಳೇದೋ ಕೆಟ್ಟದ್ದೋ ಅಂತ ಕಮಿಟಿಯೋರು ಓದಿ ಯೋಳ್ಬೇಕು ಸಾ. ಎಲ್ಡು ವರ್ಸದಿಂದ ಸರದಿ ಮ್ಯಾಲೆ ಓದ್ತಾವ್ರೆ" ಎನ್ನುತ್ತಾ ಜವಾನ ಕಾಳಯ್ಯ ಬೀಗ ತೆಗೆದ.

ನಶ್ಯದ ಅಧ್ಯಾಯ ಬಿಡಿಸಿದೆ, ಸೀನು ಬಂತು. ಜೂಜಿನ ಅಧ್ಯಾಯದಲ್ಲಿ ಗುರುತಿಗೆಂದು ಇಸ್ಪೀಟು ರಾಣಿಯನ್ನು ಇಟ್ಟಿದ್ದರು. ಕುಡಿತದ ಅಧ್ಯಾಯವಂತೂ ಇರಲೇ ಇಲ್ಲ.

"ಅದ್ನ ಅಧ್ಯಕ್ಸರು ಅರ್ಕಂಡು ಮನೇಗೆ ತಕಂಡೋದ್ರು ಸಾ, ಸುಟ್ಟಾಕ್ತೀನಿ ಅಂತ."

"ನೀನು ಓದಿದೀಯೇನಯ್ಯ?"

"ಎಲ್ಲಿ ಸಾ! ನಾನು ಕೆಟ್ಟೋಗ್ಬುಡ್ತೀನಿ ಅಂತ ಮುಟ್ಟಾಕೂ ಬುಡಾಕಿಲ್ಲ. ನಾನು ಒಂದು ಬೀಡಿ ಸೈತ ಸೇದೋನಲ್ಲ."

ನಿಂತಲ್ಲೇ ಓದಲು ಶುರುಮಾಡಿದವನು ನಗುವಿನ ಭರದಲ್ಲಿ ಅರಕಲಗೂಡಿನ ಬಸ್ಸನ್ನೂ ತಪ್ಪಿಸಿಕೊಂಡೆ. ಕೊನೆಗೆ ಗಂಭೀರವಾಗಿ ಮುಖ ಒರೆಸಿಕೊಂಡು, ವರದಿಯಲ್ಲಿ 'ಹೆಚ್ಚಿನ ಪರಿಶೀಲನೆ ಅಗತ್ಯ' ಎಂದು ಬರೆದು, ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಕಾಳಯ್ಯ ಖಾಲಿ ಬೀರುವಿಗೆ ಮತ್ತೆ ಬೀಗ ಜಡಿಯುತ್ತಾ ಹೇಳಿದ: "ನೀವೂ ಕಮಿಟಿಯೋರೇ ಬುಡಿ ಸಾ."