ಸ್ಲ್ಯಾಬ್ ಬೀಳುವ ತನಕ ಸುಸಲ ಇಲ್ಲ

ಮುಂದಿಟ್ಟ ತಾಟನ್ನು ಮುಟ್ಟದೆ ನಾನು ಎದ್ದು ಬಂದದ್ದು ಈ ಜನ್ಮದಲ್ಲಿ ಒಂದೇ ಸಲ. ಅದೂ ಎಂಥ ತಾಟು ಅಂತೀರಿ! ನಮ್ಮ ಮಂಡಲ ಪಂಚಾಯತಿಯ ಪ್ರಧಾನರ ಮನೆಯಿಂದ ಬಂದ, ಚುರಮುರಿ ನೆನೆಸಿ ಒಗ್ಗರಣೆ ಹಾಕಿದ ಸುಸಲ. ಮೇಲೆ ಪುಠಾಣಿ ಹಿಟ್ಟು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಬದಿಗೆ ಬಿಸಿಬಿಸಿ ಮಿರ್ಚಿ ಭಜಿ. ನನಗೆ ಹೊಟ್ಟೆ ಚುರುಗುಡುತ್ತಿತ್ತು, ಬಾಯಲ್ಲಿ ನೀರೂರಿತ್ತು. ಆದರೂ ಮುಟ್ಟಲಿಲ್ಲ. ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ. ಬೈದದ್ದನ್ನು ಜನ ಮರೆತಾರು, ಬಡಿದಾಡಿದವರು ಕೂಡ ಯಾವುದೋ ಮದುವೆಯಲ್ಲಿ ರಾಜಿಯಾದಾರು. ತಾಟು ಸರಿಸಿ ಎದ್ದು ಹೋದವರನ್ನು ಮಾತ್ರ ಇಡೀ ಮನೆತನ ನೆನಪಿಟ್ಟುಕೊಳ್ಳುತ್ತದೆ.

ಆಗ ನನಗೆ ಮೂವತ್ತರ ಆಸುಪಾಸು. ತವರು ರಾಣೇಬೆನ್ನೂರು, ಅಪ್ಪನದು ಅರಿವೆ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿಸಿದ್ದೇ ತಡ, ಮೋಟೆಬೆನ್ನೂರಿನಿಂದ ಸ್ವಲ್ಪ ಒಳಗಿರುವ ಒಂದು ಸಣ್ಣ ಊರಿಗೆ ಕೊಟ್ಟರು. ಗಂಡನ ಮನೆಯಲ್ಲಿ ಹೊಲ ಇತ್ತು, ಕಿರಾಣಿ ಅಂಗಡಿ ಇತ್ತು, ಅತ್ತೆ ಇದ್ದರು. ಎಂಬತ್ತರ ದಶಕದ ಕೊನೆಗೆ ಮಂಡಲ ಪಂಚಾಯತಿಗಳು ಬಂದವು, ಹೆಣ್ಣುಮಕ್ಕಳಿಗೂ ಜಾಗ ಕೊಡಬೇಕು ಎಂದಾಯಿತು. ಊರ ಹಿರಿಯರು ಬಂದು ನನ್ನ ಗಂಡನನ್ನು ಕೇಳಿದರು, "ಇಕೀಗೆ ಓದಾಕ ಬರಿಯಾಕ ಬರತೈತಿ, ನಿಲ್ಲಸೋಣೇನಪಾ?" ನನ್ನನ್ನು ಯಾರೂ ಕೇಳಲಿಲ್ಲ. ನಿಂತೆ, ಗೆದ್ದೆ. ಗೆದ್ದ ದಿನವೂ ಹಾರ ಬಿದ್ದದ್ದು ನನ್ನ ಗಂಡನ ಕೊರಳಿಗೆ. ಪಾಪ, ಅವರಿಗೂ ನಾಚಿಕೆಯಾಗಿ ಮನೆಗೆ ಬಂದೊಡನೆ ಅದನ್ನು ತೆಗೆದು ನನ್ನ ಕೈಯಲ್ಲಿಟ್ಟರು.

ನಮ್ಮ ಸಭೆಗಳ ರೀತಿಯೇ ಬೇರೆ. ಹಳೆಯ ಚಾವಡಿಯಲ್ಲಿ ಜಮಖಾನೆ ಹಾಸುತ್ತಿದ್ದರು. ಗಂಡಸರು ಗೋಡೆಗೆ ಒರಗಿ, ನಾವು ಮೂವರು ಹೆಂಗಸರು ಬಾಗಿಲ ಹತ್ತಿರ. ನಮ್ಮ ಗಂಡಂದಿರು ಹೊರಗೆ ಕಟ್ಟೆಯ ಮೇಲೆ ಕೂತು, ನಾವು ಏನಾದರೂ ಮಾತಾಡಿಬಿಟ್ಟೇವೋ ಎಂದು ಇಣುಕುತ್ತಿದ್ದರು. ಸಭೆ ಶುರುವಾಗುವ ಮೊದಲೇ ಪ್ರಧಾನರ ಮನೆಯಿಂದ ಸುಸಲ, ಮಿರ್ಚಿ, ಚಹಾ ಬರುತ್ತಿದ್ದವು. ತಿಂದು ಕೈ ತೊಳೆದರೆ ಮುಗಿಯಿತು, ಸಹಿ ಮಾಡಿ ಮನೆಗೆ ಹೋಗುವುದೇ ಸಭೆ. ಯಾರೂ ಯಾರನ್ನೂ ಹೆದರಿಸುತ್ತಿರಲಿಲ್ಲ. ಒಬ್ಬರ ಮನೆಯದನ್ನು ತಿಂದು, ಅದೇ ಬಾಯಿಂದ ಅವರನ್ನೇ 'ಯಾಕ, ಏನು' ಎಂದು ಕೇಳುವುದು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ, ಅಷ್ಟೇ.

ಪ್ರಧಾನರು ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ, ಊರಲ್ಲಿ ದೊಡ್ಡ ಹೊಲಮನೆ. ಅರವತ್ತು ದಾಟಿದ ದಪ್ಪ ದೇಹ, ದೊಡ್ಡ ಸೀನು, ಅದಕ್ಕಿಂತ ದೊಡ್ಡ ನಗು. ಉಣ್ಣುವುದೆಂದರೆ ಪ್ರಾಣ, ಉಣಿಸುವುದೆಂದರೆ ಅದಕ್ಕೂ ಹೆಚ್ಚು. ಅವರ ಮನೆಯ ಮುಂದೆ ಹಾದು ಹೋದವರು ಚಹಾ ಕುಡಿಯದೆ ಮುಂದೆ ಹೋಗುವಂತಿರಲಿಲ್ಲ.

ಇನ್ನು ಶಾಲೆಯ ವಿಷಯ. ನಮ್ಮೂರಲ್ಲಿ ನಾಲ್ಕನೆಯ ಇಯತ್ತೆಯ ತನಕ ಮಾತ್ರ ಇತ್ತು. ಐದರಿಂದ ಮುಂದೆ ಕಲಿಯಬೇಕಾದರೆ ಹೆದ್ದಾರಿ ದಾಟಿ ಬೇರೆ ಊರಿಗೆ ನಡೆಯಬೇಕು. ಆ ಹೆದ್ದಾರಿಯಲ್ಲಿ ಲಾರಿಗಳು ಹುಚ್ಚು ಹಿಡಿದ ಹಾಗೆ ಓಡುತ್ತಿದ್ದವು. ಗಂಡುಮಕ್ಕಳನ್ನು ಹೇಗೋ ಕಳಿಸುತ್ತಿದ್ದರು, ಹೆಣ್ಣುಮಕ್ಕಳು ನಾಲ್ಕಕ್ಕೇ ನಿಲ್ಲುತ್ತಿದ್ದರು. ಕೋಣೆ ಕಟ್ಟಿದರೆ ಐದನೆಯ ಇಯತ್ತೆ ಕೊಡುತ್ತೇವೆ, ಮಾಸ್ತರರನ್ನೂ ಕೊಡುತ್ತೇವೆ ಎಂದು ಮೇಲಿನವರು ಒಪ್ಪಿದ್ದರು. ಎರಡು ಕೋಣೆಗಳ ಗೋಡೆ ಎದ್ದವು, ಕಿಟಕಿಯ ಚೌಕಟ್ಟು ಕೂತವು. ಅಲ್ಲಿಗೆ ಕೆಲಸ ನಿಂತಿತು, ಸ್ಲ್ಯಾಬ್, ಅಂದರೆ ಕಾಂಕ್ರೀಟಿನ ಛಾವಣಿ, ಬೀಳಲೇ ಇಲ್ಲ. ಒಂದು ಮಳೆಗಾಲ ಹೋಯಿತು, ಚಳಿಗಾಲವೂ ಬಂತು. ತಲೆಯ ಮೇಲೆ ಸ್ಲ್ಯಾಬ್ ಇಲ್ಲದ ಕೋಣೆಯೊಳಗೆ ಔಡಲ ಗಿಡ ನನ್ನ ಎತ್ತರಕ್ಕೆ ಬೆಳೆಯಿತು. ಯಾರೋ ಅಲ್ಲಿ ಆಡು ಕಟ್ಟಿದರು, ಮತ್ಯಾರೋ ಮೆಣಸಿನಕಾಯಿ ಒಣ ಹಾಕಿದರು.

ಆ ವರ್ಷ ನನ್ನ ಮಗಳು ನಾಲ್ಕನೆಯ ಇಯತ್ತೆ. ಅತ್ತೆ ಖಡಾಖಂಡಿತ ಹೇಳಿದ್ದರು, "ಜೂನದೊಳಗ ಸಾಲಿ ಆತು, ಕಲೀತಾಳ. ಆಗಲಿಲ್ಲ, ಮನ್ಯಾಗ ಇರತಾಳ. ಆ ಲಾರಿ ರಸ್ತೇಕ ನನ್ನ ಮೊಮ್ಮಗಳನ್ನ ನಾ ಕಳಸಂಗಿಲ್ಲ." ಅವರದು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ನನ್ನ ಎದೆಯೂ ಆ ರಸ್ತೆಯನ್ನು ನೆನೆದರೆ ಧಸಕ್ಕೆನ್ನುತ್ತಿತ್ತು. ಹುಡುಗಿ ಮಾತ್ರ ಜಗಳ ಮಾಡಲಿಲ್ಲ, ಅಳಲಿಲ್ಲ. ಸಂಜೆಯಾದರೆ ಆ ಛಾವಣಿಯಿಲ್ಲದ ಕೋಣೆಗೆ ಹೋಗಿ, ಕಿಟಕಿಯ ಕೆಳಗೆ ಒಂದು ಇಟ್ಟಂಗಿ ಇಟ್ಟುಕೊಂಡು ಕೂತಿರುತ್ತಿದ್ದಳು. ಕರೆಯಲು ಹೋದರೆ, "ಅವ್ವಾ, ಐದನೇತ್ತೆಗೆ ಇದು ನನ್ನ ಜಾಗಾ. ಮೊದಲ ಹಿಡದಿಟ್ಟೇನಿ" ಎನ್ನುತ್ತಿದ್ದಳು. ಆ ಮಾತು ಕೇಳಿ ಬಂದ ರಾತ್ರಿ ರೊಟ್ಟಿ ಬಡಿಯುತ್ತ ನನ್ನನ್ನೇ ಕೇಳಿಕೊಂಡೆ. ಇದಕ್ಕಾಗಿಯೇ ಅಲ್ಲವೇ ನನ್ನನ್ನು ಗೆಲ್ಲಿಸಿದ್ದು? ಸಹಿ ಮಾಡಿ ಮಿರ್ಚಿ ತಿನ್ನುವುದಕ್ಕೋ?

ಮುಂದಿನ ಸಭೆಯಲ್ಲಿ ಎಂದಿನಂತೆ ತಾಟು ಬಂತು. ನಾನು ಸೆರಗು ಬಿಗಿದುಕೊಂಡು, "ಮಾವಾರ, ಒಂದು ಮಾತು ಕೇಳೂದೈತ್ರಿ" ಎಂದೆ. ಊರ ಸೊಸೆಯಾದ ನಾನು ಪ್ರಧಾನರನ್ನು ಕರೆಯುತ್ತಿದ್ದದ್ದೇ ಹಾಗೆ.

"ಮೊದಲ ತಿನ್ನವ್ವಾ, ಆರತೈತಿ" ಎಂದರು.

"ಆರಲಿ ಬಿಡ್ರಿ. ಸಾಲಿ ಸ್ಲ್ಯಾಬ್ ಯಾಕ ನಿಂತೈತಿ? ಅದಕ್ಕ ಬಂದ ಸಾಮಾನು ಎಲ್ಲಿ ಹೋತು?"

ಚಾವಡಿಯಲ್ಲಿ ಚುರಮುರಿ ಅಗಿಯುವ ಸದ್ದು ನಿಂತುಹೋಯಿತು. ಹೊರಗೆ ಕಟ್ಟೆಯ ಮೇಲಿದ್ದ ನನ್ನ ಗಂಡ ಕೆಮ್ಮಿದರು. ಅದು 'ಸುಮ್ಮನಿರು' ಎಂಬ ಕೆಮ್ಮು. ನನಗೆ ಗೊತ್ತಿತ್ತು, ಕೇಳಿಸಿಕೊಳ್ಳಲಿಲ್ಲ.

"ಅದು ನಮ್ಮ ಕೈಯಾಗ ಇಲ್ಲವ್ವಾ, ತಾಲೂಕಿನ ಸಭಾದಾಗ ಕೇಳಬೇಕು" ಎಂದರು ಪ್ರಧಾನರು.

"ಅಲ್ಲಿಗೆ ನೀವ ಹೋಗತೀರಲ್ರಿ. ಕೇಳೀರೇನು?"

ಅವರು ಸುಳ್ಳು ಹೇಳಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ 'ಹತ್ತು ಸಲ ಕೇಳೇನಿ' ಎಂದು ಗದರಿ ನನ್ನನ್ನು ಕೂರಿಸಿಬಿಡುತ್ತಿದ್ದರು. ಈ ಮನುಷ್ಯ ತಲೆ ಕೆರೆದುಕೊಂಡು, "ಇಲ್ಲ ಬಿಡು. ಅಲ್ಲಿ ಊಟಾ ಭಾಳ ಚಲೋ ಮಾಡಸತಾರವ್ವಾ. ಹೋಳಿಗಿ ಉಂಡು ಹೆಂಗ ಕೇಳೂದು?" ಎಂದರು. ಎಲ್ಲರೂ ಹೋ ಎಂದು ನಕ್ಕರು. ಅವರೂ ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ನೆತ್ತಿಗೇರಿತ್ತು. ತಾಟನ್ನು ಎರಡೂ ಕೈಯಿಂದ ಮುಂದೆ ಸರಿಸಿ ಎದ್ದು ನಿಂತೆ.

"ನಾನೂ ಇದನ್ನ ತಿಂದ್ರ ನಿಮ್ಮನ್ನ ಕೇಳಾಕ ಆಗಂಗಿಲ್ರಿ. ಸ್ಲ್ಯಾಬ್ ಬಿದ್ದ ದಿವಸ ತಿಂತೇನಿ" ಎಂದು ಹೇಳಿ ಹೊರಗೆ ಬಂದುಬಿಟ್ಟೆ.

ಪ್ರಧಾನರ ನಗು ಆರಿಹೋದದ್ದನ್ನು ನೋಡಿದ್ದೆ. ಪ್ರಶ್ನೆ ಕೇಳಿದ್ದಕ್ಕೆ ಅವರಿಗೆ ನೋವಾಗಿರಲಿಲ್ಲ, ತಾಟು ಸರಿಸಿದ್ದಕ್ಕೆ ಆಗಿತ್ತು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಹೊಸ್ತಿಲಲ್ಲೇ ಹಿಡಿದರು, "ಹಿರೇರ ಮುಂದ ತಾಟು ಸರಿಸಿ ಬಂದ್ಯಾ? ನಾಳೆ ಆ ಮನೀ ಮುಂದ ಹಾದು ಹೋಗಾಕ ಮುಖ ಐತೇನು ನಮಗ?" ಗಂಡ ಹೊಸ್ತಿಲಿನಿಂದಲೇ ಅಂಗಡಿಗೆ ತಿರುಗಿದರು. ಆ ವಾರವೆಲ್ಲ ಬಾವಿಕಟ್ಟೆಯಲ್ಲಿ ನಾನು ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು. ತಪ್ಪು ಮಾಡಿದೆನೋ ಎಂದು ಅನ್ನಿಸದೆ ಇರಲಿಲ್ಲ. ಸಂಜೆ ಇಟ್ಟಂಗಿಯ ಮೇಲೆ ಕೂತ ಮಗಳನ್ನು ಕರೆಯಲು ಹೋದಾಗ ಮಾತ್ರ, ಇಲ್ಲ, ಸರಿಯಾಗೇ ಮಾಡಿದೆ ಎನ್ನಿಸುತ್ತಿತ್ತು.

ಆಮೇಲೆ ಒಂದು ಮುಂಜಾನೆ ಪ್ರಧಾನರೇ ನಮ್ಮ ಅಂಗಡಿಯ ಮುಂದೆ ನಿಂತರು. "ಏನಪಾ, ನಿನ್ನ ಹೇಣ್ತಿಗೆ ಹೇಳು. ಇವತ್ತ ಬ್ಯಾಡಗ್ಯಾಗ ತಾಲೂಕಿನ ಸಭಾ ಐತಿ. ನಾ ಕೇಳತೇನಿಲ್ಲೋ ಬಂದು ನೋಡಲಿ" ಎಂದು ನನ್ನ ಗಂಡನಿಗೆ ಹೇಳಿ ಬಸ್ಸಿಗೆ ಹೋದರು. ನನ್ನ ಜೊತೆ ಮಾತಾಡಲಿಲ್ಲ. ನಾವು ಮೂವರು ಹೆಂಗಸರು ಸಂತೆಯ ನೆಪ ಹೇಳಿ ಮುಂದಿನ ಟೆಂಪೋ ಹತ್ತಿದೆವು. ಕಾವಲಿಗೆ ನನ್ನ ಗಂಡನೂ ಬಂದರು.

ಸಭೆಯ ಹಾಲಿನ ಕಿಟಕಿಗೆ ಆತು ನಿಂತೆವು. ಮೆಣಸಿನಕಾಯಿ ಸುಗ್ಗಿ, ಊರಿಗೆ ಊರೇ ಸೀನುವ ಕಾಲ. ಅಲ್ಲಿಯೂ ಊಟ ಮೊದಲು, ಮಾತು ಆಮೇಲೆ. ದೂರದ ಹಳ್ಳಿಗಳಿಂದ ನಸುಕಿನ ಬಸ್ಸಿಗೆ ಬಂದವರು ಹಸಿದಿರುತ್ತಾರೆಂದು ಯಾರೋ ಪುಣ್ಯಾತ್ಮರು ಮಾಡಿದ ರೂಢಿಯಂತೆ. ಎಲೆ ಹಾಕಿದ್ದರು. ಬದನೆಕಾಯಿ ಎಣ್ಣೆಗಾಯಿ ಬಂತು, ಹೋಳಿಗೆ ಬಂತು, ತುಪ್ಪದ ಘಮ ಕಿಟಕಿಯ ತನಕ ಬಂತು. ಪ್ರಧಾನರು ಎಲೆಯ ಮೇಲೆ ಎರಡೂ ಅಂಗೈ ಅಡ್ಡ ಹಿಡಿದರು. ಹೋಳಿಗೆ ಹಿಡಿದವನು ಗಾಬರಿಯಾಗಿ ನಿಂತ.

ಸಭೆಯ ಅಧ್ಯಕ್ಷರು ಕೇಳಿದರು, "ಯಾಕ್ರೀ ಪ್ರಧಾನರ, ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನ್ರಿ. ಒಂದು ಮಾತು ಕೇಳೂದೈತಿ. ಉಂಡ ಮ್ಯಾಲೆ ನನಗ ಕೇಳಾಕ ಬರಂಗಿಲ್ಲ, ಅದಕ್ಕ ಈಗ ಕೇಳತೇನಿ. ನಮ್ಮೂರ ಸಾಲಿಗೆ ಸ್ಲ್ಯಾಬ್ ಯಾಕ ಬಿದ್ದಿಲ್ರಿ? ನಮ್ಮೂರ ಸೊಸಿ ಒಬ್ಬಾಕಿ ಇದನ್ನ ಕೇಳಿ, ನನ್ನ ಮನೀ ತಾಟು ಸರಿಸಿ ಹ್ವಾದ್ಲು. ಖರೇ ಹೇಳತೇನಿ, ಅವತ್ತಿಂದ ನನಗ ಉಂಡದ್ದು ರುಚಿ ಹತ್ತವಲ್ದು."

ಕಿಟಕಿಯ ಹೊರಗೆ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಪಕ್ಕದಲ್ಲಿ ನನ್ನ ಗಂಡ ಈ ಸಲ ಕೆಮ್ಮಲಿಲ್ಲ.

ಇಂಜಿನಿಯರರು ಎದ್ದು ನಿಂತು ಇದ್ದದ್ದನ್ನು ಹೇಳಿದರು. ಬೇರೊಂದು ಊರಿನ ಶಾಲೆಯ ಹಳೆಯ ಮಾಳಿಗೆ ಕುಸಿದಿತ್ತು, ಆ ಊರವರು ದಿನಾ ಬಂದು ಕೂಡುತ್ತಿದ್ದರು. ನಮ್ಮ ಪಾಲಿನ ಸಿಮೆಂಟು, ಸರಳು ಅಲ್ಲಿಗೆ ಹೋದವು. ಮತ್ತೆ ತರಿಸಿ ನಮಗೆ ಕೊಡಬೇಕಿತ್ತು. "ನೀವು ಕೇಳಲಿಲ್ರಿ, ಹಿಂದ ಬಿತ್ತು" ಎಂದರು. ಇಷ್ಟೇ! ಯಾರೂ ನುಂಗಿರಲಿಲ್ಲ, ಯಾರೂ ಕದ್ದಿರಲಿಲ್ಲ. ಕೇಳಿದವರಿಗೆ ಸಿಕ್ಕಿತ್ತು, ಹೋಳಿಗೆ ಉಂಡು ಬಂದವರಿಗೆ ಇಲ್ಲ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಇನ್ನೊಂದು ಊರಿನ ಪ್ರಧಾನರು, "ನಮ್ಮ ಸಾಲಿಗೆ ಬಾಗಲಾ ಇಲ್ರಿ, ನಾಯಿ ಬಂದು ಮಲಗತಾವು" ಎಂದು ತಮ್ಮ ಎಲೆ ಸರಿಸಿದರು. ಆಮೇಲೆ ಮತ್ತೊಬ್ಬರು. ಅಧ್ಯಕ್ಷರು ಬೇಕಿದ್ದರೆ ಸಿಟ್ಟಾಗಬಹುದಿತ್ತು. ಅವರು ತಮ್ಮ ಎಲೆಯನ್ನೂ ಬದಿಗಿಟ್ಟು, "ನಡೀರಿ, ಎಲ್ಲಾ ಮಾತು ಮುಗಿಸೇ ಉಣ್ಣೋಣು" ಎಂದರು. ನಮ್ಮ ಸ್ಲ್ಯಾಬಿಗೆ ಬೇಸಿಗೆಯೊಳಗೆ ಎಂದು ಮಾತು ಕೊಟ್ಟರು. ಅವತ್ತು ಆ ಹಾಲಿನಲ್ಲಿ ಹೋಳಿಗೆ ತಣ್ಣಗಾದವು.

ಬಸ್ ನಿಲ್ದಾಣದಲ್ಲಿ ಪ್ರಧಾನರು ಸಿಕ್ಕರು. ನಾನು ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಬುತ್ತಿಯನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ಆಸೆಯಿಂದ ನೋಡಿದರು, ತೆಗೆದುಕೊಳ್ಳಲಿಲ್ಲ. "ಈಗ ಬ್ಯಾಡವ್ವಾ. ಸ್ಲ್ಯಾಬ್ ಬೀಳಲಿ, ಕೂಡೇ ತಿನ್ನೋಣು" ಎಂದರು.

ಮಂಡಲ ಪಂಚಾಯತಿಗಳು ಹೋಗಿ ಕಾಲವಾಯಿತು, ಪ್ರಧಾನರೂ ಹೋದರು. ಮಗಳು ಆ ಕೋಣೆಯಲ್ಲಿ ಏಳನೆಯ ಇಯತ್ತೆ ಮುಗಿಸಿ, ಮುಂದೆ ಹಾವೇರಿಗೆ ಕಾಲೇಜಿಗೆ ಹೋದಳು. ನನಗೆ ಉಪಕಾರ ಮಾಡಿದವರು ಬಹಳ ಜನ. ಆದರೆ ತನ್ನನ್ನು ತಪ್ಪಿತಸ್ಥನ ಹಾಗೆ ನಿಲ್ಲಿಸಿ ಕೇಳಿದ ಹೆಂಗಸಿನ ಮಾತನ್ನು ಹೊತ್ತುಕೊಂಡು ಹೋಗಿ, ತುಂಬಿದ ಸಭೆಯಲ್ಲಿ ಇಟ್ಟ ಇನ್ನೊಬ್ಬರನ್ನು ನಾನು ಕಾಣಲಿಲ್ಲ. ಆ ಋಣ ನನ್ನ ಮೇಲೆ ಇದ್ದೇ ಇದೆ.

ಸ್ಲ್ಯಾಬ್ ಬಿದ್ದದ್ದು ಆ ವರ್ಷದ ಬಿರುಬೇಸಿಗೆಯಲ್ಲಿ. ಗೌಂಡಿಗಳು ಬೆಳಗಿನಿಂದ ಪುಟ್ಟಿ ಪುಟ್ಟಿ ಕಾಂಕ್ರೀಟು ಏರಿಸಿದರು. ಊರಿಗೆ ಊರೇ ನಿಂತು ನೋಡಿತು. ಅದಕ್ಕೆ ಮುಂದೆ ದಿನಾ ನೀರುಣಿಸಬೇಕೆಂದು ಕೇಳಿದ್ದೇ, ನನ್ನ ಅತ್ತೆ ಹೇಳದೆ ಕೇಳದೆ ಹೋಗಿ ಮೊದಲ ಕೊಡ ತಂದಿಟ್ಟು, "ನೀರಿಗೆ ಕಡಿಮಿ ಆಗಬಾರದು ನೋಡ್ರಿ, ನನ್ನ ಮೊಮ್ಮಗಳು ಕುಂದ್ರೂ ಕ್ವಾಣಿ ಅದು" ಎಂದು ಗೌಂಡಿಗಳ ಮೇಲೆ ದಬಾಯಿಸಿದರು. ನನ್ನ ಮುಖವನ್ನು ಮಾತ್ರ ನೋಡಲಿಲ್ಲ.

ಮಧ್ಯಾಹ್ನ ಪ್ರಧಾನರ ಮನೆಯಿಂದ ದೊಡ್ಡ ಬುಟ್ಟಿಯಲ್ಲಿ ಸುಸಲ ಬಂತು. ಗೌಂಡಿಗಳಿಗೆಲ್ಲ ಕೊಟ್ಟಾದ ಮೇಲೆ ಅವರು ಉಸುಕಿನ ಗುಡ್ಡೆಯ ಮೇಲೆ ಕೂತು, ಒಂದು ತಾಟನ್ನು ತಾವೇ ತುಂಬಿ ನನ್ನ ಮುಂದೆ ಇಟ್ಟರು. "ಈಗ ತಿಂತೀಯೇನವ್ವಾ?" ಎಂದರು.

ತಿಂದೆ. ಒಂದು ತುತ್ತು, ಎರಡು ತುತ್ತು. ಎದುರಿಗೆ, ಸ್ಲ್ಯಾಬಿಗೆ ಆಸರೆಯ ಹಲಗೆ ಬಡಿದ ಕತ್ತಲ ಕೋಣೆಯೊಳಗೆ, ಕಿಟಕಿಯ ಕೆಳಗೆ ಆ ಇಟ್ಟಂಗಿ ಅಲ್ಲೇ ಇತ್ತು. ಗೌಂಡಿಗಳು ಎಷ್ಟು ಸಲ ಬೈದರೂ ಮಗಳು ಅದನ್ನು ತೆಗೆಯಗೊಟ್ಟಿರಲಿಲ್ಲ. ಅದು ಕಂಡಿದ್ದೇ ತಡ, ನನ್ನ ಕಣ್ಣಿಂದ ನೀರು ದಳದಳ ಇಳಿದು ತಾಟಿಗೆ ಬಿತ್ತು. ಅಷ್ಟು ಜನರ ಮುಂದೆ ನಾಚಿಕೆಯಾಯಿತು.

"ಏನಾತವ್ವಾ?"

"ಒಗ್ಗರಣಿ ಮೆಣಸಿನಕಾಯಿ ಖಾರ ಹತ್ತೇತ್ರಿ ಮಾವಾರ" ಎಂದೆ.

ಆಯುಷ್ಯವೆಲ್ಲ ಮೆಣಸಿನಕಾಯಿ ಮಾರಿದ ಮನುಷ್ಯ ಅವರು. ನನ್ನನ್ನು ನೋಡಿದರು, ಕೋಣೆಯೊಳಗಿನ ಇಟ್ಟಂಗಿಯನ್ನು ನೋಡಿದರು.

"ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಐತಿ ತಂಗಿ, ಖಾರ ಎಲ್ಲಿಂದ ಬಂತು?" ಎಂದು ಮೆಲ್ಲಗೆ ಹೇಳಿ, ತಾವೂ ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡರು.

ನಾನು ತಾಟು ಖಾಲಿ ಮಾಡಿ ಮತ್ತೆ ಅವರ ಮುಂದೆ ಹಿಡಿದು, "ಇನ್ನಷ್ಟು ಹಾಕ್ರಿ" ಎಂದೆ.