ಒಂದು ದಿನ ಮುಂಚಿನ ತಾರೀಕು

ನಮ್ಮ ಕಚೇರಿಯಲ್ಲಿ ಎಲ್ಲರೂ ಅವರನ್ನು ಪಟ್ಟಿ ಅಕ್ಕ ಎನ್ನುತ್ತಿದ್ದರು. ಸ್ವಂತ ಹೆಸರು ಸಂಬಳದ ದಿನ ಸಹಿ ಹಾಕಲು ಮಾತ್ರ ಬೇಕಾಗುತ್ತಿತ್ತು. ದೇಶದ ಭದ್ರತಾ ನೀತಿಯನ್ನು ಅಧ್ಯಯನ ಮಾಡುವ ಕೇಂದ್ರ ನಮ್ಮದು. ಮೇಲಿನ ಎರಡು ಮಹಡಿಗಳಲ್ಲಿ ಪಂಡಿತರು ಗಡಿ, ಕ್ಷಿಪಣಿ, ಸೈಬರ್ ದಾಳಿ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಕೆಳಗೆ ಸಭಾಂಗಣದ ಪಕ್ಕದ ಕೋಣೆಯಲ್ಲಿ ಪಟ್ಟಿ ಅಕ್ಕ ಮತ್ತು ನಾನು. ನಾನು ಮೈಕಿನವನು. ನಿವೃತ್ತ ಸೇನಾಧಿಕಾರಿಗಳು ಮಾತು ನಿಲ್ಲಿಸದಿದ್ದಾಗ ದನಿ ತಗ್ಗಿಸುವ ಅಧಿಕಾರ ಇಡೀ ಕಟ್ಟಡದಲ್ಲಿ ನನಗೊಬ್ಬನಿಗೇ ಇರುವುದು.

ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕನ ಪಟ್ಟಿ ನಾಲ್ಕು ಸಾವಿರ ಜನರಿಗೆ ಮೇಲ್‌ನಲ್ಲಿ ಹೋಗುತ್ತಿತ್ತು. ಮೊದಲ ಭಾಗದಲ್ಲಿ ಆ ವಾರ ಊರಿನಲ್ಲಿ ಭದ್ರತೆಯ ಬಗ್ಗೆ ನಡೆಯುವ ಉಪನ್ಯಾಸ, ಚರ್ಚೆ, ಪುಸ್ತಕ ಬಿಡುಗಡೆ. ಯಾರು ಬೇಕಾದರೂ ಬರಬಹುದೇ, ಗುರುತಿನ ಚೀಟಿ ಬೇಕೇ, ಕೊನೆಗೆ ಚಹಾ ಉಂಟೇ ಎನ್ನುವುದೂ ಇರುತ್ತಿತ್ತು. ಎರಡನೇ ಭಾಗದಲ್ಲಿ ಇದೇ ಕ್ಷೇತ್ರದ ಖಾಲಿ ಹುದ್ದೆಗಳು; ಯಾರಾದರೂ ಸೇರುವವರೆಗೆ ಆ ಸಾಲು ಪಟ್ಟಿಯಲ್ಲೇ ಇರುತ್ತಿತ್ತು. ಫೋನ್ ಮಾಡಿ ವಿಚಾರಿಸದೆ ಅಕ್ಕ ಒಂದನ್ನೂ ಹಾಕುತ್ತಿರಲಿಲ್ಲ. "ಹುದ್ದೆ ನಿಜವಾಗ್ಲೂ ಖಾಲಿ ಇದೆಯಾ, ಇಲ್ಲ ನಿಮ್ಮವರು ಯಾರಾದ್ರೂ ಆಗ್ಲೇ ಕೂತಾಗಿದೆಯಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಿದ್ದರು. ಆ ಕಡೆಯವರು ತಡವರಿಸಿದರೆ ಆ ಹುದ್ದೆ ಪಟ್ಟಿಗೆ ಬರುತ್ತಿರಲಿಲ್ಲ.

ಅಕ್ಕನದು ಒಂದು ಗುಟ್ಟಿತ್ತು. ಅರ್ಜಿಗೆ ಕೊನೆಯ ದಿನ ಗುರುವಾರವಾದರೆ ಪಟ್ಟಿಯಲ್ಲಿ ಬುಧವಾರ ಎಂದು ಹಾಕುತ್ತಿದ್ದರು. ಯಾವಾಗಲೂ ಒಂದು ದಿನ ಮುಂಚೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರೋ ಹೆಂಗಸೊಬ್ಬಳು ಒಂದು ದಿನ ತಡವಾಗಿ ಅರ್ಜಿ ಕೊಟ್ಟು, ನಮ್ಮ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದಳಂತೆ. ಅಂದಿನಿಂದ ಈ ಉಪಾಯ. "ಜನ ಕೊನೇ ಗಳಿಗೇಲಿ ಓಡೋರು. ಅವರ ಕೊನೇ ಗಳಿಗೇನ ನಾನು ಸ್ವಲ್ಪ ಈಚೆ ಎಳೆದಿಟ್ಟಿದ್ದೀನಿ ಅಷ್ಟೆ," ಎಂದಿದ್ದರು. ಹದಿನೆಂಟು ವರ್ಷದಲ್ಲಿ ಈ ಮಾತು ನನ್ನೊಬ್ಬನಿಗೆ ಗೊತ್ತು ಎಂದು ನಾನು ಬೀಗುತ್ತಿದ್ದೆ.

ಒಂದು ದಿನ ನಿರ್ದೇಶಕರು ಅಕ್ಕನನ್ನು ಕರೆದು, ತಿಂಗಳ ಕೊನೆಗೆ ಪಟ್ಟಿ ನಿಲ್ಲುತ್ತದೆ, ನಿಮ್ಮ ಗುತ್ತಿಗೆಯೂ ಅಲ್ಲಿಗೆ ಮುಗಿಯುತ್ತದೆ ಎಂದು ಹೇಳಿಬಿಟ್ಟರು. ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. ನನಗೆ ಮೈ ಉರಿದುಹೋಯಿತು. ಅಕ್ಕನ ಗಂಡನಿಗೆ ಸೊಂಟದ ಆಪರೇಷನ್ ಆದಮೇಲೆ ಮನೆ ನಡೆಯುತ್ತಿದ್ದುದು ಅವರೊಬ್ಬರ ದುಡಿಮೆಯಲ್ಲಿ. ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಇತ್ತು.

ಅದಾಗಿ ಎರಡನೇ ದಿನಕ್ಕೇ ಆ ಪ್ರಕಟಣೆ ಬಂತು. ನದಿಯಾಚೆಯ ಇನ್ನೊಂದು ಭದ್ರತಾ ಅಧ್ಯಯನ ಕಚೇರಿಗೆ ಸಾರ್ವಜನಿಕ ಮಾಹಿತಿ ಸಂಪಾದಕರು ಬೇಕಾಗಿದ್ದಾರೆ. ಹತ್ತು ವರ್ಷದ ಅನುಭವ ಸಾಕು, ದೊಡ್ಡ ಪದವಿ ಬೇಡ. ಅಳತೆ ತೆಗೆದು ಹೊಲಿದ ಹಾಗಿತ್ತು. ಅರ್ಜಿಯನ್ನು ಲಕೋಟೆಯಲ್ಲಿಟ್ಟು ಅವರ ಗೇಟಿನ ಡಬ್ಬಕ್ಕೆ ಹಾಕಬೇಕು. ಕೊನೆಯ ದಿನ ಮುಂದಿನ ಗುರುವಾರ.

"ಪಟ್ಟಿಗೆ ಹಾಕ್ಬೇಡಿ ಅಕ್ಕ," ಎಂದೆ ನಾನು. "ನಾಲ್ಕು ಸಾವಿರ ಜನಕ್ಕೆ ಡಂಗುರ ಹೊಡೆದು ಆಮೇಲೆ ನೀವು ಸಾಲಲ್ಲಿ ನಿಲ್ತೀರಾ? ಒಂದೇ ಒಂದು ಸಲ ಬಿಟ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲೋ," ಎಂದರು. ಆದರೆ ಆ ಸಾಲನ್ನು ಟೈಪ್ ಮಾಡಲಿಲ್ಲ.

ಶುಕ್ರವಾರವಿಡೀ ಅವರ ಕಾಲು ಮೇಜಿನ ಕೆಳಗೆ ನಿಲ್ಲದೆ ಕುಣಿಯುತ್ತಿತ್ತು. ಎದ್ದು ಕಿಟಕಿ ತೆಗೆಯುವರು, ಮುಚ್ಚುವರು. ಆ ಸಾಲನ್ನು ಹಾಕುವರು, ಅಳಿಸುವರು. ಶನಿವಾರ ರಜೆಯಿದ್ದರೂ ಬಂದು ಖಾಲಿ ಸಭಾಂಗಣದಲ್ಲಿ ಕುರ್ಚಿಗಳ ನಡುವೆ ಅಡ್ಡಾಡಿದರು. ಸೋಮವಾರ ಹತ್ತಕ್ಕೆ ಎರಡು ನಿಮಿಷ ಇರುವಾಗ ಫಟಫಟ ಆ ಹುದ್ದೆಯನ್ನು ಸೇರಿಸಿದರು. ಕೈ ತನ್ನ ಪಾಡಿಗೆ ತಾನು ಕೊನೆಯ ದಿನ ಬುಧವಾರ ಎಂದು ಹೊಡೆಯಿತು. ಪಟ್ಟಿ ಹೋಯಿತು.

ಆಮೇಲೆ ಬೇರೆ ಕಸಿವಿಸಿ ಶುರುವಾಯಿತು. ತಾನೇ ಹಾಕಿದ ಹುದ್ದೆಗೆ ತಾನೇ ಅರ್ಜಿ ಹಾಕುವುದು ಸರಿಯೇ? ಮಂಗಳವಾರ ಸರಿ ಎನ್ನಿಸಿತು, ಬುಧವಾರ ಬೇಡ ಎನ್ನಿಸಿತು. ಮಿಕ್ಕವರೆಲ್ಲ ಹಾಕಿಯಾಗಲಿ, ಆಮೇಲೆ ನನ್ನದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಗುರುವಾರ ಮಧ್ಯಾಹ್ನ ಬಸ್ಸು ಹತ್ತಿ ಹೋಗಿ ಲಕೋಟೆ ಹಾಕಿ ಬಂದರು. ಬಂದಾಗ ಮುಖದಲ್ಲಿ ಸ್ವಲ್ಪ ಕಳೆಯಿತ್ತು.

ಶನಿವಾರ ಆ ಲಕೋಟೆ ಒಡೆಯದೆ ಮನೆಗೆ ವಾಪಸು ಬಂತು. ಮೇಲೆ ಮುದ್ರೆ: ಅವಧಿ ಮೀರಿದೆ.

ಸೋಮವಾರ ಪಟ್ಟಿ ಕಳಿಸುವ ಮುಂಚೆ ಅಕ್ಕ ಆ ಕಚೇರಿಗೆ ಫೋನ್ ಹಚ್ಚಿ ತಾವು ಯಾರೆಂದು ಹೇಳಿದರು. ನನಗೂ ಕೇಳಲೆಂದು ಸ್ಪೀಕರ್ ಹಾಕಿದರು. ಆ ಕಡೆ ಹೊಸದಾಗಿ ಸೇರಿದ ಗುಮಾಸ್ತೆ.

"ನಿಮ್ಮ ಪ್ರಕಟಣೇಲಿ ಗುರುವಾರ ಅಂತಿತ್ತಲ್ಲಮ್ಮ?"

"ಆ ಕಾಗದ ಎಲ್ಲೋ ಸೇರ್ಕೊಂಡಿತ್ತು ಮೇಡಂ. ಎಲ್ಲರೂ ನೋಡೋದು ನಿಮ್ಮ ಪಟ್ಟಿ ತಾನೆ? ಅದನ್ನೇ ಪ್ರಿಂಟ್ ತೆಗೆದು ಒಳಗೆ ನಮ್ಮ ಮೇಜಿನ ಮೇಲೆ ಅಂಟಿಸ್ಕೊಂಡಿದ್ವಿ. ಬುಧವಾರ ಸಂಜೆ ಡಬ್ಬ ಖಾಲಿ ಮಾಡಿದ್ವಿ. ಗುರುವಾರ ಏಳು ಲಕೋಟೆ ಬಿತ್ತು. ವಿಳಾಸ ಇದ್ದದ್ದು ನಿಮ್ಮದೊಂದರ ಮೇಲೆ, ಅದನ್ನ ಕಳಿಸಿದ್ವಿ. ಮಿಕ್ಕ ಆರು ಕಸಕ್ಕೆ ಹೋಗೋದ್ರಲ್ಲಿದೆ."

ಸುಮ್ಮನಿರಿ ಎಂದು ಅಕ್ಕನಿಗೆ ಕೈ ಮಾಡಿದೆ. ಕೆಲಸ ಹೋಗುತ್ತಿತ್ತು, ಉಳಿದದ್ದು ಪಟ್ಟಿಯ ಹೆಸರೊಂದೇ. ಅದನ್ನೂ ಯಾಕೆ ಕೈಯಾರೆ ಕೆಡಿಸಿಕೊಳ್ಳಬೇಕು?

ಅಕ್ಕ ಕಣ್ಣು ಮುಚ್ಚಿಕೊಂಡರು. "ತಪ್ಪು ನನ್ನದು," ಎಂದರು. "ಕೊನೇ ದಿನ ಗುರುವಾರಾನೇ. ನಾನೇ ಬೇಕಂತ ಒಂದು ದಿನ ಮುಂಚೆ ಹಾಕಿದ್ದೆ. ಎಲ್ಲಾ ಹುದ್ದೆಗೂ ಹಾಗೇ ಹಾಕ್ತಾ ಬಂದಿದ್ದೀನಿ. ಆ ಆರು ಜನ ಸಮಯಕ್ಕೇ ಬಂದಿದ್ದಾರೆ, ಅವರ ಲಕೋಟೆ ಒಡೀರಿ. ನಂದು ಈಗ್ಲೇ ತಂದ್ಕೊಡ್ತೀನಿ, ಅದನ್ನ ಒಡೆಯೋದು ಬಿಡೋದು ನಿಮಗೆ ಬಿಟ್ಟದ್ದು."

ಅಂದಿನ ಪಟ್ಟಿಯ ತಲೆಯಲ್ಲಿ, ಉಪನ್ಯಾಸಗಳಿಗಿಂತ ಮೇಲೆ, ಒಂದು ಸಾಲು ಬಿತ್ತು: ಇಲ್ಲಿನ ಕೊನೆಯ ದಿನಾಂಕಗಳನ್ನು ಹದಿನೆಂಟು ವರ್ಷ ಒಂದು ದಿನ ಮುಂಚೆ ಹಾಕಿದ್ದೇನೆ, ಒಳ್ಳೆಯದಕ್ಕೆ ಎಂದುಕೊಂಡಿದ್ದೆ, ಇಂದಿನಿಂದ ನಿಜವಾದ ದಿನಾಂಕ. ನಿರ್ದೇಶಕರು ಮೆಟ್ಟಿಲಿಳಿದು ಬಂದು ಕೂಗಾಡಿದರು. "ಸುಳ್ಳು ತಾರೀಕು! ಅದೂ ನಮ್ಮ ಕೇಂದ್ರದ ಹೆಸರಲ್ಲಿ!" ಮೈಕಿಲ್ಲದೆಯೇ ಕಟ್ಟಡಕ್ಕೆಲ್ಲ ಕೇಳಿಸಿತು.

ಆ ಕಚೇರಿಯವರು ಏಳೂ ಲಕೋಟೆ ಒಡೆದರು. ಅಕ್ಕನನ್ನೂ ಸಂದರ್ಶನಕ್ಕೆ ಕರೆದರು. ಆಮೇಲೆ ಹತ್ತು ದಿನ ಫೋನ್ ರಿಂಗಾದರೆ ಸಾಕು, ಅಕ್ಕ ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ನಾನೂ ಏಳುತ್ತಿದ್ದೆ.

ಕೊನೆಯ ಪಟ್ಟಿಯ ಸೋಮವಾರ, ಒಂಬತ್ತೂವರೆಗೆ ಒಂದು ಫೋನ್ ಬಂತು. ಒಬ್ಬ ಹೆಂಗಸಿನ ದನಿ.

"ಅಕ್ಕ, ನನ್ನ ಪರಿಚಯ ನಿಮಗಿಲ್ಲ. ನಾನು ಗುರುವಾರದ ಆರು ಜನದಲ್ಲಿ ಒಬ್ಬಳು. ಆ ಕೆಲಸ ನಂಗೆ ಸಿಕ್ತು. ನೀವು ಬಾಯಿ ಬಿಡದೆ ಇದ್ದಿದ್ರೆ ನನ್ನ ಲಕೋಟೆ ಕಸದಲ್ಲಿರ್ತಿತ್ತು ಅಂತ ಅಲ್ಲಿಯವರು ಹೇಳಿದ್ರು."

ಅಕ್ಕ ಕೂತರು. "ಪಟ್ಟೀಲಿ ಬುಧವಾರ ಅಂತಿತ್ತಲ್ಲಮ್ಮ, ಗುರುವಾರ ಯಾಕೆ ಹೋದೆ?"

"ನಿಮ್ಮದು ಯಾವಾಗ್ಲೂ ಒಂದು ದಿನ ಮುಂಚೆ ಅಂತ ನಮಗೆಲ್ಲ ಗೊತ್ತಿತ್ತಲ್ಲ ಅಕ್ಕ. ಅದೇ ಧೈರ್ಯ."

ಅಕ್ಕ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ನಿಜ ಹೇಳ್ಲಾ? ನಂಗೆ ಹೊಟ್ಟೆ ಉರೀತಿದೆ ಕಣಮ್ಮ," ಎಂದರು. "ಸರಿ, ಹುದ್ದೆ ತುಂಬಿತು ಅಂತಾಯ್ತು. ಕೆಲಸಕ್ಕೆ ಯಾವತ್ತು ಸೇರ್ಬೇಕು?"

"ಮುಂದಿನ ಸೋಮವಾರ."

"ಭಾನುವಾರಾನೇ ಒಂದ್ಸಲ ಹೋಗಿ ಬಸ್ಸು, ಗೇಟು ಎಲ್ಲ ನೋಡ್ಕೊಂಡು ಬಾ," ಎಂದು ಅಕ್ಕ ಫೋನಿಟ್ಟರು. ಆಮೇಲೆ ಪಟ್ಟಿಯಿಂದ ಆ ಹುದ್ದೆಯ ಸಾಲನ್ನು ತೆಗೆದರು.